ಬಾಳಿದ ಮಗುವಿನ ಬಟ್ಟೆ

ಎಲ್ಲವನ್ನೂ ಮರೆತು ಕ್ಷಮಿಸಿಬಿಟ್ಟೆ ಎಂದು ಹೇಳುವವರನ್ನು ಕಂಡರೆ ನನಗೆ ನಂಬಿಕೆ ಹುಟ್ಟುವುದಿಲ್ಲ. ಒಂದೋ ಅವರಿಗೆ ನೆನಪಿನ ಶಕ್ತಿ ಕಡಿಮೆ ಇರಬೇಕು, ಇಲ್ಲವೇ ಅವರಿಗೆ ಆದ ಅನ್ಯಾಯ ಅಷ್ಟೇನೂ ದೊಡ್ಡದಿರಲಿಕ್ಕಿಲ್ಲ. ನನ್ನ ಪಾಲಿಗೆ ಎರಡೂ ಜಾಸ್ತಿಯೇ ಬಂದವು. ಮಾಂಬಳ್ಳಿಯ ಆ ಮನೆಯವರ ಮೇಲೆ ನಾನು ಹಲ್ಲು ಕಡಿಯುತ್ತಾ ಕಳೆದ ವರ್ಷಗಳೇ ಅರ್ಧ ಆಯಸ್ಸಾಗುತ್ತವೆ. ಅಷ್ಟರಲ್ಲಿ ಒಂದು ಸಲ, ಒಂದೇ ಒಂದು ಸಲ, ಸೇಡು ತಾನಾಗಿ ನನ್ನ ಮನೆ ಬಾಗಿಲಿಗೆ ಬಂದಿತ್ತು. ನನ್ನ ಮಕ್ಕಳ ಹಳೆಯ ಬಟ್ಟೆ ಕೇಳಿಕೊಂಡು ಬಂದಿತ್ತು.

ನನ್ನ ತವರು ಕೊಳ್ಳೇಗಾಲ. ಅಪ್ಪ ಮಗ್ಗದವರಿಗೆ ರೇಷ್ಮೆ ನೂಲು ಒದಗಿಸುವ ಸಣ್ಣ ವ್ಯಾಪಾರಿ. ನನ್ನನ್ನು ಮಾಂಬಳ್ಳಿಯ ಹೊಲಗದ್ದೆ ಇರುವ ಮನೆಗೆ ಕೊಟ್ಟರು. ಎತ್ತಿನ ಗಾಡಿ ಕಟ್ಟಿದರೆ ಊಟದ ಹೊತ್ತಿಗೆ ಮುಟ್ಟುವಷ್ಟು ಹತ್ತಿರ. ಆದರೆ ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮಾಂಬಳ್ಳಿ ಇರುವ ಯಳಂದೂರು ಕಡೆಯದೆಲ್ಲ ಮೈಸೂರು ಸೀಮೆ. ನಾನು ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಅತ್ತೆ ಅದಕ್ಕೆ ಕೊಯಮತ್ತೂರು ಜಿಲ್ಲೆಯನ್ನೇ ಬೈಯುತ್ತಿದ್ದರು.

ಮೊದಲನೆಯದು ಹೆಣ್ಣಾಯಿತು. ಅತ್ತೆ ಮುಖ ಸಿಂಡರಿಸಿದರೂ ಬಾಣಂತನ ಮಾಡಿದರು. ಮೂರು ವರ್ಷಕ್ಕೆ ಗಂಡು ಹುಟ್ಟಿತು. ಆ ಇಪ್ಪತ್ತೆಂಟು ದಿನ ನಾನು ಆ ಮನೆಯಲ್ಲಿ ಮಹಾರಾಣಿಯಾಗಿದ್ದೆ. ಇಪ್ಪತ್ತೊಂಬತ್ತನೆಯ ದಿನ ಮಗುವಿಗೆ ಸೆಡೆತ ಬಂದು ಮೈ ಸೆಟೆದು, ಮಧ್ಯಾಹ್ನಕ್ಕೆ ಮುಂಚೆಯೇ ಹೋಯಿತು. ಅದಾದ ಮೇಲೆ ಮತ್ತೊಂದು ಹೆಣ್ಣು ಹುಟ್ಟಿದಾಗ ನನಗೆ ಕುಡಿಯಲು ಬಿಸಿನೀರು ಕೊಡುವವರೂ ಇರಲಿಲ್ಲ. ಆ ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ನನ್ನ ಗಂಡ ಮಾರ್ಟಳ್ಳಿ ಕಡೆಯಿಂದ ಇನ್ನೊಬ್ಬಳನ್ನು ತಾಳಿ ಕಟ್ಟಿ ಕರೆತಂದರು. ಗಾಡಿಯಿಂದ ಅವಳು ಇಳಿಯುವುದಕ್ಕೆ ಮೊದಲೇ ನನ್ನನ್ನು ಬೇರೆ ಗಾಡಿ ಹತ್ತಿಸಿ ಕಳಿಸಿದ್ದರಿಂದ ಅವಳ ಮುಖ ನಾನು ನೋಡಲಿಲ್ಲ.

ಕಳಿಸುವಾಗ ಅತ್ತೆ ನನ್ನ ಕಿವಿಯ ಓಲೆ ಬಿಚ್ಚಿಸಿಕೊಂಡರು. ಅದು ಮನೆತನದ ಓಲೆಯಂತೆ, ಮನೆಯ ಸೊಸೆಗೆ ಸೇರಬೇಕಂತೆ. ಏಳು ಬಿಳಿ ಕಲ್ಲಿನ ಜೋಡಿ. ಬಲಗಡೆಯದರಲ್ಲಿ ಒಂದು ಕಲ್ಲು ಬಿದ್ದುಹೋಗಿ, ಯಳಂದೂರಿನ ಅಕ್ಕಸಾಲಿ ಅದರ ಜಾಗಕ್ಕೆ ಕೆಂಪು ಕಲ್ಲು ಕೂರಿಸಿದ್ದ. ಎರಡು ಹೆಣ್ಣುಮಕ್ಕಳನ್ನೂ ಅವುಗಳ ಬಟ್ಟೆಯ ಟ್ರಂಕನ್ನೂ ಮಾತ್ರ ನನಗೆ ಬಿಟ್ಟರು. "ಎಣ್ಣೈಕಳ ಬಟ್ಟೆ ಇಲ್ಲಿ ಯಾರಿಗ್ ಬೇಕು, ತಕಂಡೋಗು" ಎಂದರು ಅತ್ತೆ. ಆ ಮಾತು ಅವರು ಮರೆತಿರಬಹುದು. ನಾನು ಮರೆಯಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಹುಟ್ಟಿದ ಕೂಸಿಗೆ ಮೊದಲ ಕೆಲವು ದಿನ ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಯಾವುದಾದರೂ ಮಗು ಹಾಕಿ ಬಿಟ್ಟ ಹಳೆಯ ಬಟ್ಟೆಯನ್ನೇ ಹಾಕಬೇಕು, ಆ ಮಗು ಬದುಕಿ ಗಟ್ಟಿಮುಟ್ಟಾಗಿ ಬೆಳೆದಿರಬೇಕು. ಅದಕ್ಕೆ ಬಾಳಿದ ಬಟ್ಟೆ ಎಂದು ಹೆಸರು. ಅದನ್ನು ಸುಮ್ಮನೆ ಕೊಡುವಂತಿಲ್ಲ. ಸುಮ್ಮನೆ ಕೊಟ್ಟರೆ ಕೊಟ್ಟವರ ಮಗುವಿನ ಆರೋಗ್ಯವೂ ಅದರ ಜೊತೆಗೆ ಹೋಗುತ್ತದೆ. ಹಾಗಾಗಿ ಕಾಸಾದರೂ ಸರಿ, ಒಂದು ಪಾವು ರಾಗಿಯಾದರೂ ಸರಿ, ಬೆಲೆ ಕಟ್ಟಿ ಮಾರಬೇಕು. ಕೊಳ್ಳುವವಳು "ಇದು ಹಾಕಿದ ಮಗು ಬಾಳಿತಾ?" ಎಂದು ಕೇಳಬೇಕು. ಮಾರುವವಳು ನಿಜ ಹೇಳಿ, ಬಟ್ಟೆ ಕೈಗಿಡುವಾಗ "ಬಾಳ್ಲಿ" ಎನ್ನಬೇಕು. ಹೋದ ಮಗುವಿನ ಬಟ್ಟೆಯನ್ನು ಮಾರುವವರು ಇರಲಿಲ್ಲ. ಅದನ್ನು ಮಗುವಿನ ಜೊತೆಗೇ ಮಣ್ಣಿಗೆ ಹಾಕುತ್ತಿದ್ದರು, ಇಲ್ಲವೇ ಹೊಳೆಗೆ ಬಿಡುತ್ತಿದ್ದರು.

ನಾನು ತವರಿಗೆ ಬಂದು ಸುಮಾರು ಮೂರು ವರ್ಷವಾಗಿತ್ತು. ಯುದ್ಧದಿಂದಾಗಿ ಬಟ್ಟೆಗೆ ಕಂಟ್ರೋಲು ಬಂದ ಕಾಲ. ಕಾರ್ಡು ಹಿಡಿದು ನಿಂತರೆ ಇಷ್ಟು ಗಜ ಎಂದು ಅಳೆದು ಕೊಡುತ್ತಿದ್ದರು, ಅದೂ ಗೋಣಿಯ ತಮ್ಮನಂಥ ಬಟ್ಟೆ. ಒಂದು ಬೆಳಿಗ್ಗೆ ನಾನು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಾಗ ನಮ್ಮ ಮನೆ ಮುಂದೆ ಗಾಡಿ ನಿಂತಿತು. ಅತ್ತೆ ಇಳಿದರು.

"ಸಂದಾಗಿದ್ದೀಯಾ ಅಮ್ಮಿ? ಐಕಳೆಲ್ಲಿ?" ಎಂದರು, ನಿನ್ನೆ ಹೋಗಿ ಇವತ್ತು ಬಂದವರ ಹಾಗೆ.

ನಾನು ಚಾಪೆ ಹಾಕಲಿಲ್ಲ. ಅವರೇ ಸೆರಗಿನಿಂದ ಜಗಲಿ ಒರೆಸಿಕೊಂಡು ಕೂತರು. ವಿಷಯ ಹೊರಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾರ್ಟಳ್ಳಿಯವಳಿಗೆ ಎರಡು ಮಕ್ಕಳಾಗಿ ಎರಡೂ ತಿಂಗಳೊಪ್ಪತ್ತಿನಲ್ಲೇ ಹೋಗಿದ್ದವು. ಈಗ ಮೂರನೆಯ ಬಸಿರು, ಏಳು ತಿಂಗಳು. ಮೊದಲೆರಡಕ್ಕೂ ಯಾರದೋ ಮನೆಯ ಬಾಳಿದ ಬಟ್ಟೆ ತಂದು ಹಾಕಿದ್ದರಂತೆ, ಕೈಗೂಡಲಿಲ್ಲ. ಅಜ್ಜೀಪುರದಲ್ಲಿ ಶಾಸ್ತ್ರ ಹೇಳುವ ಒಬ್ಬಳು, ಬೇರೆಯವರ ಮಗುವಿನದಲ್ಲ, ಅದೇ ತಂದೆಯ ಮಗುವಿನ ಬಟ್ಟೆ ಹಾಕಬೇಕು ಎಂದಳಂತೆ.

"ಅದ್ಕೇ ಬಂದಿ ಕಣಮ್ಮಿ. ನಿನ್ ಐಕ ಎರಡೂ ಕಲ್ಲಂಗವೆ. ಅವುರ್ದು ಒಂದ್ ಅಂಗಿ, ಒಂದ್ ಕುಲಾವಿ ಕೊಡು. ನಾನೇನ್ ಪುಕ್ಕಟೆ ಕೇಳ್ತಿಲ್ಲ. ಬೆಲೆ ಎಷ್ಟ್ ಕಟ್ತೀಯೋ ಕಟ್ಟು."

ನನಗೆ ಮೈಯೆಲ್ಲ ಬಿಸಿಯಾಯಿತು. ಅದು ಸಿಟ್ಟಷ್ಟೇ ಅಲ್ಲ, ಸಂತೋಷವೂ ಹೌದು. ಸುಳ್ಳು ಏಕೆ ಹೇಳಲಿ, ಎರಡು ಕೂಸು ಹೋದವು ಎಂದಾಗ ನನ್ನ ಹೊಟ್ಟೆಯೊಳಗೆ ಏನೋ ಒಂದು ತಣ್ಣಗಾಗಿತ್ತು. ಯಾರಿಗೂ ಬೇಡವಾಗಿದ್ದ ಹೆಣ್ಣುಮಕ್ಕಳ ಬಟ್ಟೆ ಈಗ ಬೇಕಾಯಿತಲ್ಲ ಎಂದು ನಾನು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಅವರ ಮುಖವನ್ನು ಕಣ್ತುಂಬ ನೋಡಿದೆ.

"ಬೆಲೆ ಕಟ್ತೀನಿ ಅತ್ತೆ" ಎಂದೆ. "ನಿಮ್ ಮಗ ಬರಲಿ. ನಮ್ ಬೀದೀಲಿ ಜನ ಓಡಾಡೋ ಒತ್ನಲ್ಲಿ, ಈ ಜಗಲಿ ಕೆಳಗೆ ನಿಂತ್ಕಂಡು, ಎಗಲ ಮೇಲಿನ ಟವಲ್ಲ ಚಾಚಲಿ. ನಿನ್ನ ಎಣ್ಮಕ್ಕಳು ಆಕ್ಬುಟ್ಟ ಬಟ್ಟೆ ಕೊಡು ಅಂತ ಬಾಯ್ಬುಟ್ಟು ಕೇಳಲಿ. ಅದೇ ಬೆಲೆ. ಕಾಸು ಬ್ಯಾಡ."

"ಗಂಡ್ಸು ಎಂಡ್ರ ಮುಂದೆ ಟವಲ್ ಒಡ್ಡೋದಾ?"

"ಎಂಡ್ರಾ? ನಾನು ಎಂಡ್ರಾ ಅವುರ್ಗೆ? ಅಂಗಾದ್ರೆ ನನ್ ಓಲೆ ಎಲ್ಲಿ?"

ಅತ್ತೆ ಎದ್ದರು. ಸಿಟ್ಟಿನಲ್ಲಿ ಅವರಿಗೆ ಚಪ್ಪಲಿ ಎಡಬಲ ಸಿಗಲಿಲ್ಲ. "ಕೊಳೆಯಾಕ್ ಇಕ್ಕೊಂಡಿದ್ದೀಯಾ ಅದ್ನ? ನಿಂಗೇನ್ ಇನ್ನೂ ಮಕ್ಕಳಾಯ್ತಾವಾ?" ಎಂದರು.

ಆ ಮಾತಿಗೆ ನಾನು ಗಾಡಿಯವನಿಗೂ ಕೇಳುವ ಹಾಗೆ ಹೇಳಿದೆ. "ಇಕ್ಕೊಳಲ್ಲ. ಬರೋ ಸಂತೆಗೆ ಹನೂರ್ಗೆ ತಕಂಡೋಗಿ ಒಂದ್ ಚೂರೂ ಬುಡ್ದಂಗೆ ಮಾರ್ತೀನಿ. ಊರೋರೆಲ್ಲ ತಕೊಳ್ಳಲಿ, ನಿಮ್ ಮನೆಗ್ ಮಾತ್ರ ಒಂದ್ ದಾರನೂ ಸಿಕ್ಕಲ್ಲ."

ಹನೂರು ಎಂದದ್ದು ಬಾಯಿಗೆ ಬಂದದ್ದಲ್ಲ. ಮಾಂಬಳ್ಳಿಯವರು ಕೊಳ್ಳೇಗಾಲದ ಸಂತೆಗೆ ಬರುತ್ತಿದ್ದರು, ಹನೂರಿಗೆ ಹೋಗುವವರು ಕಡಿಮೆ. ಮಾರ್ಟಳ್ಳಿಯವರಿಗೆ ಹನೂರೇ ಸಂತೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಸಿಟ್ಟಿನಲ್ಲಿ ಭೂಗೋಳ ಎಲ್ಲಿ ನೆನಪಿರುತ್ತದೆ.

ನಮ್ಮ ಹಿಂದಿನ ಬೀದಿಯಲ್ಲಿ ಹಳೆಬಟ್ಟೆಯ ಅಜ್ಜಿ ಎಂದೇ ಎಲ್ಲರೂ ಕರೆಯುತ್ತಿದ್ದ ಒಬ್ಬ ಮುದುಕಿ ಇದ್ದಳು. ಮನೆಮನೆಗೆ ಹೋಗಿ ಹಳೆಯ ಬಟ್ಟೆ ಕೊಂಡು ಸಂತೆಗಳಲ್ಲಿ ಮಾರುವುದು ಅವಳ ಕಸುಬು. ಬೆಲೆ ಕಟ್ಟಲು ಕಲಿಸು ಎಂದು ಅವಳನ್ನು ಕರೆತಂದೆ. ಟ್ರಂಕನ್ನು ಹಿತ್ತಲ ಬಿಸಿಲಲ್ಲಿ ಸುರಿದು ಇಬ್ಬರೂ ಕೂತೆವು. ಅವಳು ಒಂದೊಂದನ್ನೂ ಬಿಸಿಲಿಗೆ ಹಿಡಿದು ತೂತು ನೋಡಿದಳು, ಕಂಕುಳ ಹೊಲಿಗೆಯನ್ನು ಎಳೆದು ನೋಡಿದಳು, ಅಂಚಿನ ಮಡಿಕೆ ಬಿಚ್ಚಿ ಇನ್ನೆಷ್ಟು ಉದ್ದ ಬಿಡಬಹುದು ಎಂದು ಬೆರಳಲ್ಲಿ ಅಳೆದಳು. ಆಮೇಲೆ ಮೂಸಿ ನೋಡಿದಳು.

"ಇದ್ಕೆ ಮೂರಾಣೆ ಅನ್ನು, ಎರಡಾಣೆಗೆ ಕೊಡು" ಎಂದಳು, ಹೂವಿನ ಚೀಟಿ ಬಟ್ಟೆಯ ಲಂಗವೊಂದನ್ನು ಎತ್ತಿ.

ಆ ಲಂಗದ ಬಟ್ಟೆಯನ್ನು ನನ್ನ ಗಂಡ ತಂದಿದ್ದರು. ದೊಡ್ಡವಳಿಗೆ ಎರಡು ವರ್ಷವಾದಾಗ, ಒಳ್ಳೆಯ ಮನಸ್ಸಿನಲ್ಲಿ ಇದ್ದ ಯಾವುದೋ ದಿನ. "ಇದು ಕಾಲಾಣೆ" ಎಂದೆ.

"ತಲೆ ನೆಟ್ಟಗದಾ? ಮೂರಾಣೆ ಮಾಲು."

"ಆ ಮನುಷ್ಯನ್ ಕೈಯಿಂದ ಬಂದಿದ್ದು ಕಾಲಾಣೆಗಿಂತ ಜಾಸ್ತಿ ಬಾಳಲ್ಲ."

ಅತ್ತೆ ಹೊಲಿಸಿದ್ದ ಎರಡು ಅಂಗಿಗಳಿಗೆ ನಾನು ಬೆಲೆಯನ್ನೇ ಕಟ್ಟಲಿಲ್ಲ. ಬೇರೆ ಏನಾದರೂ ಕೊಂಡವರಿಗೆ, ನೆಲ ಒರೆಸಿಕೊಳ್ಳಿ ಎಂದು ಕೊಸರು ಹಾಕುವುದೆಂದು ಪಕ್ಕಕ್ಕಿಟ್ಟೆ. ನನ್ನ ಅಪ್ಪ ತಂದ ಜುಬ್ಬಗಳಿಗೆ, ಅವ್ವ ಕೈಯಲ್ಲಿ ಹೊಲಿದ ಹತ್ತಿಯ ಕುಲಾವಿಗಳಿಗೆ ಆರಾಣೆ, ಎಂಟಾಣೆ ಎಂದೆ. ತೇಪೆ ಹಾಕಿದ್ದರೂ ಸರಿಯೇ. ಅಜ್ಜಿ ಮೊದಲು ವಾದ ಮಾಡಿದಳು, ಆಮೇಲೆ ಬಾಯಿಗೆ ಹೊಗೆಸೊಪ್ಪು ಹಾಕಿಕೊಂಡಳು. ಐವತ್ತು ವರ್ಷದಿಂದ ಬೆಲೆ ಕಟ್ಟುತ್ತಿದ್ದೀನಿ, ಹೊಟ್ಟೆಯುರಿಯಲ್ಲಿ ಅಳೆದು ಬೆಲೆ ಕಟ್ಟುವುದನ್ನು ಇವತ್ತೇ ಕಂಡದ್ದು ಎಂದಳು. ಅದನ್ನು ಅವಳು ನಗುತ್ತಲೇ ಹೇಳಿದಳು.

ಟ್ರಂಕಿನ ತಳದಲ್ಲಿ ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿದ್ದ ಒಂದು ಗಂಟು ಇತ್ತು. ಅಜ್ಜಿ ಕೈ ಹಾಕುವಷ್ಟರಲ್ಲಿ ನಾನು ಅದನ್ನು ಕಿತ್ತುಕೊಂಡೆ. ಒಳಗೆ ಇದ್ದದ್ದು ನನ್ನ ಮಗನ ಕುಲಾವಿ. ಮಗ್ಗದವರು ಕೊಟ್ಟ ಹಸಿರು ರೇಷ್ಮೆಯ ತುಂಡಿನಲ್ಲಿ ಅವ್ವ ಹೊಲಿದದ್ದು, ಸುತ್ತ ಸಣ್ಣ ಜರಿ ಅಂಚು. ಗದ್ದದ ಕೆಳಗೆ ಕಟ್ಟುವ ದಾರದ ಒಂದು ತುದಿಯನ್ನು ಅವನು ಚೀಪಿ ಚೀಪಿ ಗಟ್ಟಿ ಮಾಡಿದ್ದ. ಅವನನ್ನು ಮಣ್ಣು ಮಾಡುವಾಗ ಎಲ್ಲವನ್ನೂ ಜೊತೆಗೆ ಹಾಕಿದರು, ಇದೊಂದನ್ನು ನಾನು ಕುಪ್ಪಸದೊಳಗೆ ಬಚ್ಚಿಟ್ಟುಕೊಂಡಿದ್ದೆ. ಆಗಾಗ ತೆಗೆದು, ಇದು ನಿನ್ನ ತಮ್ಮನದು ಎಂದು ದೊಡ್ಡವಳಿಗೆ ತೋರಿಸುತ್ತಿದ್ದೆ.

ಅಜ್ಜಿಗೆ ಗೊತ್ತಾಗಿಹೋಯಿತು. "ನೋಡವ್ವ, ಓದ ಕೂಸಿನ್ ಬಟ್ಟೆ ಅದ್ರಲ್ಲಿ ಬೆರಸಿದ್ರೆ ನಾನು ನಿನ್ ಪಕ್ದಲ್ಲಿ ಕೂರಕಿಲ್ಲ" ಎಂದಳು. ಇಲ್ಲಜ್ಜಿ ಎಂದೆ. ಆದರೆ ಮನೆಯಲ್ಲಿ ಬಿಡಲು ಧೈರ್ಯ ಬರಲಿಲ್ಲ. ನಾನು ಇಲ್ಲದಾಗ ಅವ್ವ ಅದನ್ನು ಹೊಳೆಗೆ ಬಿಟ್ಟುಬಿಡುತ್ತಾಳೆ ಎಂಬ ಭಯ. ಸಂತೆಯ ದಿನ ಅದನ್ನು ಮಡಿಲಲ್ಲಿ ಸಿಕ್ಕಿಸಿಕೊಂಡೇ ಹೊರಟೆ.

ಆಗ ಹನೂರಿಗೆ ಓಡಾಡುತ್ತಿದ್ದದ್ದು ಇದ್ದಿಲ ಬಸ್ಸು. ಪೆಟ್ರೋಲು ಸಿಗದ ಕಾಲ, ಬಸ್ಸಿನ ಹಿಂದೆ ಒಲೆಯಂಥ ಡಬ್ಬ, ದಿಬ್ಬ ಬಂದರೆ ಇಳಿದು ನಡೆಯಬೇಕು. ನಾನು, ಅಜ್ಜಿ, ನನ್ನ ದೊಡ್ಡ ಮಗಳು ಮೂವರೂ ಮುಖಕ್ಕೆ ಮಸಿ ಬಳಿದುಕೊಂಡೇ ಹನೂರಿನಲ್ಲಿ ಇಳಿದೆವು. ಮಗಳಿಗೆ ಎಂಟು ವರ್ಷ. ಅವಳನ್ನು ಕರೆತಂದದ್ದು ಅಜ್ಜಿಯ ಮಾತಿನಂತೆ. ಬಾಳಿದ ಬಟ್ಟೆ ಮಾರುವಾಗ ಬಾಳಿದ ಮಗುವೂ ಕಣ್ಣೆದುರು ಇರಬೇಕು, ಆಗಲೇ ಬೆಲೆ ನಿಲ್ಲುವುದು.

ಗೋಣಿ ಹಾಸಿ ಬಟ್ಟೆ ಹರವಿ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿದೆ. ಹೆಂಗಸರು ಮುತ್ತಿಕೊಂಡರು. ಕಂಟ್ರೋಲಿನ ಕಾಲದಲ್ಲಿ ಒಂದು ಕೈ ಹರಿದ ಜುಬ್ಬವೂ ಅಂಗಡಿ ಮಾಲಿನಷ್ಟೇ ಬೇಡಿಕೆಯದು. ಬಂದವರು ಬಟ್ಟೆಯನ್ನೊಮ್ಮೆ ನೋಡಿ, ನನ್ನ ಮಗಳ ರಟ್ಟೆ ಹಿಸುಕಿ, ಬಾಯಿ ತೆರೆಸಿ ಹಲ್ಲು ನೋಡಿ, ಆಮೇಲೆ ಚೌಕಾಸಿಗೆ ಇಳಿಯುತ್ತಿದ್ದರು. "ಎವ್ವಳವು?" ಎನ್ನುವವರೂ ಇದ್ದರು, "ಎಷ್ಟವ್ವ?" ಎನ್ನುವವರೂ ಇದ್ದರು. ಕಾಲಾಣೆಯ ಲಂಗ ಮೊದಲೇ ಹೋಯಿತು. ಅದನ್ನು ಕೊಂಡವಳು ನಾನು ಬೆಲೆ ತಪ್ಪಿ ಹೇಳಿದೆನೆಂದುಕೊಂಡು ತಿರುಗಿ ನೋಡದೆ ಓಡಿಹೋದಳು. ಒಂದೊಂದು ಹೋದಾಗಲೂ ನಾನು "ಬಾಳ್ಲಿ" ಎನ್ನುತ್ತಿದ್ದೆ, ಮನಸ್ಸಿನಲ್ಲಿ ಮಾಂಬಳ್ಳಿಗೆ ಇನ್ನೊಂದು ತಪ್ಪಿತು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟು ಹಗುರವಾದ ಮನಸ್ಸು ನನಗೆ ಮದುವೆಯಾದಂದಿನಿಂದ ಇರಲಿಲ್ಲ.

ಊಟದ ಹೊತ್ತಿಗೆ ಗೋಣಿಯ ಮೇಲೆ ಏನೂ ಉಳಿದಿರಲಿಲ್ಲ, ಕೊಸರಿನ ಒಂದು ಅಂಗಿಯ ಹೊರತು. ಅಜ್ಜಿ ಹೊಗೆಸೊಪ್ಪು ತರಲು ಎದ್ದು ಹೋದಳು. ಆಗ ಒಬ್ಬಳು ಬಸುರಿ ನಿಧಾನವಾಗಿ ಬಂದು ಮುಂದೆ ನಿಂತಳು. ಇಪ್ಪತ್ತರ ಒಳಗಿನ ವಯಸ್ಸು, ಕಾಲು ಊದಿಕೊಂಡಿತ್ತು, ಮೂಗಿನ ಮೇಲೆ ಬೆವರು. ಕೂರಲಾರದೆ ಕೂತಳು.

"ಎಲ್ಲ ಆಗೋಯ್ತಾ ಅಕ್ಕ?" ಎಂದಳು. ಮಾತಿನಲ್ಲಿ ತಮಿಳಿನ ಎಳೆತ.

ನಾನು ಆಯ್ತು ಎನ್ನಲು ಬಾಯಿ ತೆರೆದೆ. ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು. ಬಲಗಿವಿಯಲ್ಲಿ ಓಲೆ ಹೊಳೆಯಿತು. ಆರು ಬಿಳಿ ಕಲ್ಲು, ಒಂದು ಕೆಂಪು.

ಮೂರು ವರ್ಷದಿಂದ ನಾನು ಆ ಹೆಂಗಸಿನ ಮುಖವನ್ನು ನನಗೆ ಬೇಕಾದ ಹಾಗೆ ಮಾಡಿಕೊಂಡಿದ್ದೆ. ಉಬ್ಬುಹಲ್ಲು, ಮೆಳ್ಳೆಗಣ್ಣು, ಸೊಕ್ಕಿದ ನಡಿಗೆ. ಎದುರಿಗೆ ಕೂತವಳು ಹಾಗಿರಲಿಲ್ಲ. ನೋಡಲು ಬಡಪಾಯಿ ಹುಡುಗಿಯ ಹಾಗೆಯೇ ಇದ್ದಳು. ಅದರಿಂದ ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ನನ್ನ ಓಲೆ ಅವಳ ಕಿವಿಗೆ ಚೆನ್ನಾಗಿ ಒಪ್ಪಿತ್ತು, ಅದನ್ನು ನೋಡುತ್ತಾ ನೋಡುತ್ತಾ ಸಿಟ್ಟು ಹೆಚ್ಚಾಯಿತು.

ಅವಳು ನನ್ನ ಮಗಳನ್ನು ನೋಡುತ್ತಿದ್ದಳು. ಮಗಳದು ಅಪ್ಪನ ಮುಖವೇ ಅಚ್ಚು, ಹಣೆ, ಹುಬ್ಬು ಎಲ್ಲ. ಯಾರೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದಳು. ಹೆರಿಗೆಗೆಂದು ತವರಿಗೆ ಹೋಗಿದ್ದವಳು, ಅತ್ತೆಗೆ ಸಿಗದಿದ್ದದ್ದು ಸಂತೆಯಲ್ಲಿ ತನಗೆ ಸಿಗಬಹುದು ಎಂದು ಊದಿದ ಕಾಲಿನಲ್ಲಿ ಮಾರ್ಟಳ್ಳಿಯಿಂದ ಬಂದಿದ್ದಳು. ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಹೇಳದೆ ಕೂತಿದ್ದೆವು.

"ಒಂದ್ ಕುಲಾವಿ ಅದೆ" ಎಂದೆ.

ಮಡಿಲಿಗೆ ಕೈ ಹಾಕಿದ್ದು ನನ್ನ ಕೈಯೇ. ಯಾರೂ ಹಿಡಿದು ಎಳೆಯಲಿಲ್ಲ, ಯಾವ ದೆವ್ವವೂ ಮೈಮೇಲೆ ಬರಲಿಲ್ಲ. ಈ ಕೂಸೂ ಹೋಗಲಿ ಎಂದೇ ನಾನು ಆ ಕುಲಾವಿ ತೆಗೆದೆ. ಆ ಮನೆಯಲ್ಲಿ ಇನ್ನೊಂದು ತೊಟ್ಟಿಲು ತೂಗದಿರಲಿ ಎಂದು ತೆಗೆದೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಇದ್ದದ್ದು ಹಾಗೆಯೇ.

ಅವಳು ಕುಲಾವಿಯನ್ನು ತೆಗೆದುಕೊಂಡು ಅಂಗೈ ಮೇಲೆ ಇಟ್ಟುಕೊಂಡಳು. ಹಸಿರು ರೇಷ್ಮೆಯನ್ನು ಬೆರಳಿಂದ ಸವರಿದಳು. ದಾರದ ಗಟ್ಟಿಯಾದ ತುದಿಯ ಹತ್ತಿರ ಬೆರಳು ನಿಂತಿತು.

"ಇದ್ನ ಆಕಿದ್ ಕೂಸು ಬಾಳ್ತಾ ಅಕ್ಕ?"

"ಬಾಳ್ತು. ಇಗಾ, ಇವ್ಳೇ."

ಮಗಳು ನನ್ನ ಮುಖ ನೋಡಿದಳು. "ಅವ್ವ, ಅದು..." ಎಂದು ಬಾಯಿ ತೆರೆದಳು. ನಾನು ಅವಳ ತೊಡೆಯನ್ನು ಲಂಗದ ಮೇಲಿಂದಲೇ ಹಿಡಿದು ತಿರುಚಿದೆ. ಅವಳ ಕಣ್ಣಲ್ಲಿ ನೀರು ತುಂಬಿತು, ಸದ್ದು ಬರಲಿಲ್ಲ. ಎದುರಿಗಿದ್ದವಳು ನನ್ನ ಕೈಯನ್ನೂ ನೋಡಿದಳು, ಮಗಳ ಕಣ್ಣನ್ನೂ ನೋಡಿದಳು.

"ಎಷ್ಟು?"

"ಎರಡ್ ರೂಪಾಯಿ."

ಅಂಥದ್ದಕ್ಕೆ ಎರಡು ರೂಪಾಯಿ ಎಂದರೆ ಆಗ ಬಾಯಿ ಬಡಿದುಕೊಳ್ಳುವ ಬೆಲೆ. ಅವಳು ಚೌಕಾಸಿ ಮಾಡಲಿ, ಗೋಗರೆಯಲಿ, ಅದನ್ನೂ ಒಂದಿಷ್ಟು ನೋಡೋಣ ಎಂದಿದ್ದೆ. ಅವಳು ಮಾತಾಡದೆ ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿಯನ್ನು ಗೋಣಿಯ ಮೇಲೆ ಇಟ್ಟಳು. ಕುಲಾವಿಯನ್ನು ಮಡಿಲಿಗೆ ಸೇರಿಸಿಕೊಂಡಳು. ಆಮೇಲೂ ಏಳದೆ ಕೂತೇ ಇದ್ದಳು. ನಾನು ಹೇಳಬೇಕಾದ ಮಾತು ಇನ್ನೂ ಬಾಕಿ ಇತ್ತು.

ನಾನು ಮುಖ ತಿರುಗಿಸಿ, ಗೋಣಿ ಮಡಿಸುವವಳ ಹಾಗೆ ನಟಿಸಿದೆ. ಬೆಳಿಗ್ಗೆಯಿಂದ ಪ್ರತಿಯೊಬ್ಬರಿಗೂ ಹೇಳಿದ ಮಾತು, ಆಗ ನಾಲಿಗೆಗೆ ಬರಲಿಲ್ಲ, ಬರುವುದು ನನಗೆ ಬೇಡವೂ ಆಗಿತ್ತು. ಆಗ ಮಗಳು ಮೂಗು ಎಳೆದುಕೊಂಡು, "ಬಾಳ್ಲಿ" ಎಂದಳು. ಬೆಳಿಗ್ಗೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು ಅವಳಿಗೆ. ಬಸುರಿ ಎದ್ದು, ಅವಳ ತಲೆ ಸವರಿ ಹೋದಳು. ಅವಳು ಕಣ್ಮರೆಯಾದ ಮೇಲೆ ನಾನು ಮಗಳ ಬೆನ್ನಿಗೆ ಒಂದು ಬಾರಿಸಿದೆ. ಹೊಗೆಸೊಪ್ಪು ತಂದ ಅಜ್ಜಿ ಯಾಕೆ ಹೊಡೆದೆ ಎಂದು ಕೇಳಿದಾಗ ಗೋಣಿ ಸುತ್ತಿಕೊಂಡು ಬಸ್ಸಿನ ಕಡೆ ಹೊರಟೆ.

ಮುಂದಿನ ತಿಂಗಳುಗಳು ಹೇಗೆ ಕಳೆದವೋ. ಮಾಂಬಳ್ಳಿ ಕಡೆಯ ಗಾಡಿ ಯಾವುದೇ ಬಂದರೂ ನನ್ನ ಕಿವಿ ಅತ್ತ ಓಡುತ್ತಿತ್ತು. ಹೆರಿಗೆಯಾಯಿತು, ಗಂಡು ಎಂಬ ಸುದ್ದಿ ಬಂತು. ಅಂದಿನಿಂದ ನಾನು ದಿನ ಎಣಿಸಿದೆ. ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತೆಂಟು. ಇಪ್ಪತ್ತೊಂಬತ್ತನೆಯ ದಿನ ನನಗೆ ಅನ್ನ ಸೇರಲಿಲ್ಲ. ಸುದ್ದಿ ಬರಲಿ ಎಂದು ಕಾಯುತ್ತಿದ್ದೆ, ಬಂದರೆ ಏನು ಮಾಡಲಿ ಎಂದು ಹೆದರುತ್ತಲೂ ಇದ್ದೆ. ಆದರೂ ಬರದಿರಲಿ ಎಂದು ಮನಸಾರೆ ಬೇಡಿಕೊಂಡೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸುದ್ದಿ ಬರಲಿಲ್ಲ. ನಲವತ್ತಾಯಿತು, ಮೂರು ತಿಂಗಳಾಯಿತು, ಆರಾಯಿತು. ಕೂಸು ಬೋರಲು ಬಿತ್ತಂತೆ, ಅಂಬೆಗಾಲಿಟ್ಟಿತಂತೆ ಎಂದು ಬೀದಿಯವರೇ ನನಗೆ ಕೇಳುವ ಹಾಗೆ ಮಾತಾಡುತ್ತಿದ್ದರು. ನನ್ನ ಸೇಡು ಅಲ್ಲಿಗೆ ಹಾಳಾಯಿತು ಎಂದುಕೊಂಡೆ. ಹೊಟ್ಟೆಯುರಿ ಇತ್ತು, ಅದರ ಜೊತೆಗೆ, ಕೊಲೆಗಾತಿಯಾಗಲಿಲ್ಲವಲ್ಲ ಎಂಬ ಒಂದು ಉಸಿರೂ ಇತ್ತು.

ವರ್ಷ ತುಂಬಿದ ಮೇಲೆ ಅವಳು ನಮ್ಮ ಮನೆಗೆ ಬಂದಳು. ಬಾಳಿದ ಬಟ್ಟೆ ಕೊಂಡವರು, ವರ್ಷ ತುಂಬಿದಾಗ ಮಾರಿದವಳಿಗೆ ಮಗು ತೋರಿಸಿ, ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಕೊಟ್ಟು ಹೋಗುವುದೂ ಆ ಪದ್ಧತಿಯದೇ ಭಾಗ. ಅವಳು ಬರುವಳೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಹಗಲು ಹನ್ನೊಂದರ ಹೊತ್ತು, ಮನೆಯಲ್ಲಿ ನಾನೊಬ್ಬಳೇ. ಮಗು ಅವಳ ಸೊಂಟದ ಮೇಲಿತ್ತು. ದುಂಡಗೆ, ಕಪ್ಪಗೆ, ಬಾಯಿಯಿಂದ ಜೊಲ್ಲು ಸುರಿಸುತ್ತಾ, ಕುಲಾವಿ ಇಲ್ಲದ ತಲೆಯಲ್ಲಿ ಹೊಸ ಕೂದಲು.

ಕಾಯಿ, ಬೆಲ್ಲ ಜಗಲಿಯ ಮೇಲಿಟ್ಟು, "ತಕೋ ಅಕ್ಕ" ಎಂದಳು.

ನನಗೆ ತಡೆಯಲಾಗಲಿಲ್ಲ. "ಅದು ಬಾಳ್ದ ಬಟ್ಟೆ ಅಲ್ಲ. ನಿಂಗ್ ಗೊತ್ತಾ?" ಎಂದೆ. ಅವಳ ಮುಖ ಬಿಳಿಚಿಕೊಳ್ಳಲಿ, ಅಷ್ಟಾದರೂ ಸಿಗಲಿ ನನಗೆ ಎಂದೇ ಹೇಳಿದ್ದು.

"ಗೊತ್ತು ಕಣಕ್ಕ. ಅಲ್ಲೇ ಗೊತ್ತಾಯ್ತು. ಅಸ್ರು ರೇಸ್ಮೆ ಕುಲಾವಿ ನಿನ್ ಮಗನ್ದು, ಮಣ್ಣಿಗಾಕುವಾಗ ಅದೊಂದ್ ಸಿಕ್ನಿಲ್ಲ ಅಂತ ಅತ್ತೆ ಏಳಿದ್ರು. ಆ ಕೂಸಿನ್ ತೊಡೆ ಚಿವುಟ್ದಲ್ಲ, ಅದ್ನೂ ನಾನ್ ಕಂಡಿ."

"ಗೊತ್ತಿದ್ದೂ ಯಾಕ್ ತಕಂಡೆ?"

ಅವಳು ಮಗುವಿನ ಬಾಯಿ ಒರೆಸಿದಳು. "ಬಾಳ್ದ ಬಟ್ಟೆ ನಾನು ಎರಡ್ ಸತಿ ಆಕಿದ್ದಿ. ಎರಡೂ ಉಳೀನಿಲ್ಲ. ನಿನ್ ಮಗ ಆ ಮನೇಲಿ ಉಟ್ಟಿ, ಇರಾಕಾಗ್ದೆ ಓದೋನು. ತಿರುಗ ಬರಾಕೆ ಅವುನ್ಗೂ ಒಂದ್ ಗುರ್ತು ಬೇಕಲ್ಲ. ಅವುನ್ ಕುಲಾವಿ ಕಂಡ್ರೆ ಬತ್ತಾನೆ, ಬಂದ್ರೆ ಈ ಸತಿ ಓಗಲ್ಲ ಅಂತ ನಮ್ಮವ್ವ ಏಳ್ತು. ಅದೊಂದ್ ಸಿಕ್ರೆ ಸಾಕು ಅಂತ್ಲೇ ಸಂತೆಗ್ ಬಂದಿದ್ದಿ. ಕೇಳೋದೆಂಗೆ ಅಂತಿದ್ದಿ, ನೀನೇ ತೆಗ್ದ್ ಕೊಟ್ಟೆ."

ಮಗು ನನ್ನ ಕಡೆ ನೋಡಿ ಕಾಲು ಬಡಿಯಿತು. ನಾನು ಅದರ ಮುಖದಲ್ಲಿ ನನ್ನ ಮಗನನ್ನು ಹುಡುಕಿದೆ. ಇಪ್ಪತ್ತೆಂಟು ದಿನದ ಮುಖ ಎಷ್ಟು ನೆನಪಿರುತ್ತದೆ? ಇದ್ದ ಸ್ವಲ್ಪವೂ ಆ ಕ್ಷಣಕ್ಕೆ ಅಳಿಸಿಹೋಯಿತು, ಇವನ ಮುಖವೇ ಅಲ್ಲಿ ಬಂದು ಕೂತಿತು. ಕೈ ಚಾಚಿದೆ. ಅವನು ನನ್ನ ಕಡೆಗೆ ಬಾಗಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಅಕ್ಕ. ನೀನ್ ಬೆಲೆ ಕಟ್ದೆ, ನಾನ್ ಎದುರು ಮಾತಾಡ್ದೆ ಕಾಸು ಕೊಟ್ಟಿ. ಈಗ ಇವ್ನು ನನ್ ಮಗ." ಕೂಗಿ ಹೇಳಲಿಲ್ಲ, ಅಂಗಡಿಯಲ್ಲಿ ಲೆಕ್ಕ ಚುಕ್ತಾ ಮಾಡಿದವರ ದನಿಯಲ್ಲಿ ಹೇಳಿದಳು.

ಹೋದವರು ತಿರುಗಿ ಬರುವುದನ್ನು ಈಗ ನೀನು ನಂಬುತ್ತೀಯಾ ಎಂದು ನನ್ನ ಮಗಳೇ ಎಷ್ಟೋ ಸಲ ಕೇಳಿದ್ದಾಳೆ. ನಂಬದಿರಲು ಬೇಕಾದಷ್ಟು ಓದಿಕೊಂಡಿದ್ದೇನೆ. ಆದರೆ ಅಂದು ಆ ಜಗಲಿಯ ಮೇಲೆ ಓದು ಇರಲಿಲ್ಲ. ನಾನು ಒಳಗೆ ಓಡಿದೆ. ಅವಳು ಕೊಟ್ಟಿದ್ದ ಎರಡು ರೂಪಾಯಿ ಎಂದೋ ರಾಗಿಗೆ, ಎಣ್ಣೆಗೆ ಹೋಗಿತ್ತು. ಅವ್ವನ ಡಬ್ಬಿಯಲ್ಲಿದ್ದ ಚಿಲ್ಲರೆಯನ್ನೆಲ್ಲ ನೆಲಕ್ಕೆ ಸುರಿದು, ಎರಡು ರೂಪಾಯಿ ಆಗುವಷ್ಟು ಆರಿಸಿಕೊಂಡು ಬಂದೆ. ಅದನ್ನು ಅವಳ ಮುಂದೆ ಹಿಡಿದು, ಅತ್ತೆಯ ಮಗನಿಗೆ ನಾನು ಕಟ್ಟಿದ್ದ ಬೆಲೆಯಂತೆಯೇ, ನನ್ನ ಸೆರಗನ್ನು ಚಾಚಿದೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು.

ಅವಳು ಆ ದುಡ್ಡನ್ನು ನೋಡಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಮೆಟ್ಟಿಲಿಳಿದು ಗಾಡಿಯ ಕಡೆಗೆ ಹೋದಳು.